ಅರವತ್ತು ದಾಟಿದವರಿಗೆ ಅಡುಗೆಮನೆ ರಿಪೇರಿ: ನಲ್ಲಿಯಿಂದ ಡ್ರಾಯರ್‌ವರೆಗೆ, ಯಾವುದಾದ ಮೇಲೆ ಯಾವುದು

ಸಿಂಕಿನ ಸುತ್ತ ಹಚ್ಚಿದ ಸಿಲಿಕೋನ್ ಎರಡು ತಿಂಗಳಿಗೇ ಎದ್ದು ಬರುತ್ತದೆ. ಟೈಲ್ಸ್ ಸಂದಿಗೆ ತುಂಬಿದ ಬಿಳಿ ಸಿಮೆಂಟು ಮಳೆಗಾಲ ಕಳೆಯುವುದರೊಳಗೆ ಪುಡಿಯಾಗಿ ಉದುರುತ್ತದೆ. ಹೊಸ ನಲ್ಲಿ ಹಾಕಿದ ವಾರಕ್ಕೆ ಗೋಡೆಯ ಆಚೆ ಬದಿಯಲ್ಲಿ ತೇವ ಕಾಣಿಸುತ್ತದೆ. ಮನೆಯಲ್ಲೇ ರಿಪೇರಿಗೆ ಇಳಿಯುವ ಹಿರಿಯರು ಎಡವುವುದು ಹೆಚ್ಚಾಗಿ ಈ ಮೂರು ಕಡೆ. ಇದಕ್ಕೆ ಕಾರಣ ಕೈ ಪಳಗದಿರುವುದಲ್ಲ. ಸೋರಿಕೆ ನಿಲ್ಲಿಸದೆ ಸಂದಿ ಮುಚ್ಚುತ್ತಾರೆ, ಗೋಡೆ ಒಣಗುವ ಮೊದಲೇ ಸಿಲಿಕೋನ್ ಹಚ್ಚುತ್ತಾರೆ. ಮೊದಲು ನೀರು, ಆಮೇಲೆ ಒಣಗುವುದು, ಆಮೇಲೆ ಸಂದಿ, ಕೊನೆಗೆ ಮರಗೆಲಸ. ಈ ಕ್ರಮ ತಪ್ಪಿದರೆ ಎಷ್ಟು ದುಬಾರಿ ಸಾಮಾನು ತಂದರೂ ಕೆಲಸ ಬಾಳುವುದಿಲ್ಲ.

ಇಲ್ಲಿ ಹೇಳಿರುವುದು ಇಪ್ಪತ್ತು ಮೂವತ್ತು ವರ್ಷ ಹಳೆಯ ಮನೆಗೆ: ಗ್ರಾನೈಟ್ ಕಟ್ಟೆ, ಕೆಳಗೆ ಕಡಪ ಕಲ್ಲಿನ ಖಾನೆಗಳು, ಗೋಡೆಗೆ ಎರಡಡಿ ಎತ್ತರಕ್ಕೆ 8×12 ಇಂಚಿನ ಟೈಲ್ಸ್, ಸ್ಟೀಲ್ ಸಿಂಕು. ಕಟ್ಟೆ ಒಡೆಯುವುದಿಲ್ಲ, ಸಿಂಕು ಕೀಳುವುದಿಲ್ಲ. ಒಟ್ಟು ಕೆಲಸವನ್ನು ಸುಮಾರು ಮೂರು ವಾರಕ್ಕೆ ಹಂಚಿಕೊಳ್ಳಿ. ದಿನಕ್ಕೆ ಎರಡು ಗಂಟೆಗಿಂತ ಹೆಚ್ಚು ಬೇಡ.

## ಮುಟ್ಟಬಾರದ ಕೆಲಸಗಳು

ಗ್ಯಾಸ್ ಪೈಪಿನ ದಾರಿ ಬದಲಿಸುವುದು, 16 ಆಂಪಿಯರ್ ಸಾಕೆಟ್‌ಗೆ ಹೊಸ ವೈರಿಂಗ್, ಗ್ರಾನೈಟ್ ಕೊರೆಯುವುದು, ಅಟ್ಟದ ಮೇಲಿನ ಕೆಲಸ. ಈ ನಾಲ್ಕನ್ನು ಬಲ್ಲವರಿಗೇ ಬಿಡಿ. ಗ್ಯಾಸಿನ ವಿಷಯದಲ್ಲಿ ನೀವು ಮಾಡಬೇಕಾದ್ದು ಒಂದೇ: ಸುರಕ್ಷಾ ಹೋಸ್ ಮೇಲೆ ಅಚ್ಚಾಗಿರುವ ವರ್ಷ ನೋಡಿ. ಐದು ವರ್ಷ ಆಗಿದ್ದರೆ ಗ್ಯಾಸ್ ಏಜೆನ್ಸಿಯವರನ್ನು ಕರೆಸಿ ಬದಲಿಸಿ. ಕೆಲಸ ನಡೆಯುವ ದಿನಗಳಲ್ಲಿ ರೆಗ್ಯುಲೇಟರ್ ಆಫ್ ಇರಲಿ. ವಾಸನೆ ಬಂದರೆ ಸ್ವಿಚ್ ಮುಟ್ಟದೆ, ಕಿಟಕಿ ತೆರೆದು ಹೊರಗೆ ಬನ್ನಿ, ಅಲ್ಲಿಂದ 1906ಕ್ಕೆ ಫೋನ್ ಮಾಡಿ.

ಇನ್ನು ನಿಮ್ಮ ದೇಹದ ಲೆಕ್ಕ. ಭುಜಕ್ಕಿಂತ ಮೇಲೆ ಕೈ ಎತ್ತಬೇಕಾದ ಯಾವ ಕೆಲಸವೂ ನಿಮ್ಮದಲ್ಲ. ಪ್ಲಾಸ್ಟಿಕ್ ಸ್ಟೂಲನ್ನು ಅಡುಗೆಮನೆಯಿಂದ ಹೊರಗಿಡಿ. ಎದುರಿಗಿದ್ದರೆ ಹತ್ತುವ ಮನಸ್ಸಾಗುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಿಗೆ ಟೈಲ್ಸ್ ಚೂರು, ಸಿಂಕಿನ ಅಡಿಯ ತಗಡಿನ ಅಂಚು ತಾಗಿದರೆ ರಕ್ತ ಬೇಗ ನಿಲ್ಲುವುದಿಲ್ಲ. ಕೈಗೆ ದಪ್ಪ ಗ್ಲೌಸ್, ಪಕ್ಕದಲ್ಲಿ ಶುದ್ಧ ಬಟ್ಟೆ ಇಟ್ಟುಕೊಳ್ಳಿ. ಸಕ್ಕರೆ ಕಾಯಿಲೆಯಿಂದ ಪಾದಕ್ಕೆ ಸ್ಪರ್ಶ ಕಡಿಮೆಯಾಗಿದ್ದರೆ ಶೂ ಕಡ್ಡಾಯ. ಸಿಂಕಿನ ಕೆಳಗೆ ಅಂಗಾತ ಮಲಗಿ ಕೆಲಸ ಮಾಡಿ ತಟ್ಟನೆ ಎದ್ದರೆ ತಲೆ ಸುತ್ತುತ್ತದೆ. ಮೊದಲು ಮಗ್ಗುಲಾಗಿ, ಕೂತು, ಅರೆ ನಿಮಿಷ ಬಿಟ್ಟು ಏಳಿ. ಮನೆಯಲ್ಲಿ ಇನ್ನೊಬ್ಬರು ಇರುವ ಹೊತ್ತಿನಲ್ಲೇ ಕೆಲಸಕ್ಕೆ ಇಳಿಯಿರಿ.

## ಮೊದಲೇ ತಂದಿಟ್ಟುಕೊಳ್ಳಬೇಕಾದ ಸಾಮಾನು

ಕೊಳಾಯಿ ಕೆಲಸಕ್ಕೆ: 10 ಇಂಚಿನ ಅಡ್ಜಸ್ಟಬಲ್ ಸ್ಪ್ಯಾನರ್, 12 ಇಂಚಿನ ಪೈಪ್ ರೆಂಚ್, ಟೆಫ್ಲಾನ್ ಟೇಪ್ ನಾಲ್ಕು ಸುರುಳಿ, ಹ್ಯಾಕ್ಸಾ ಬ್ಲೇಡು, ತಲೆಗೆ ಕಟ್ಟುವ ಟಾರ್ಚು. ಕೈಯಲ್ಲಿ ಹಿಡಿಯುವ ಟಾರ್ಚು ಸಿಂಕಿನ ಕೆಳಗೆ ಉಪಯೋಗಕ್ಕೆ ಬಾರದು, ಅಲ್ಲಿ ಎರಡೂ ಕೈ ಬೇಕು. ಮಂಡಿಯೂರಲು ದಪ್ಪ ಯೋಗ ಮ್ಯಾಟನ್ನು ನಾಲ್ಕು ಮಡಿಕೆ ಮಾಡಿ ಹಾಕಿಕೊಳ್ಳಿ.

ಸಂದಿ ಕೆಲಸಕ್ಕೆ: ಗ್ರೌಟ್ (ಟೈಲ್ಸ್ ಸಂದಿಗೆ ತುಂಬುವ ಮಿಶ್ರಣ) ಕೆರೆಯುವ ಬ್ಲೇಡು, ರಬ್ಬರ್ ಫ್ಲೋಟ್ (ಅದನ್ನು ಒತ್ತಿ ತುಂಬುವ ಹಿಡಿಯಿರುವ ಹಲಗೆ), ಎನ್95 ಮಾಸ್ಕ್, ನೈಟ್ರೈಲ್ ಗ್ಲೌಸ್, ಸ್ಪಾಂಜು ಎರಡು, ಮಾಸ್ಕಿಂಗ್ ಟೇಪ್, ಸಿಲಿಕೋನ್ ಗನ್, ಐಸೊಪ್ರೊಪೈಲ್ ಆಲ್ಕೊಹಾಲ್.

ಗ್ರೌಟ್ ಎಷ್ಟು ಬೇಕು? 8×12 ಇಂಚಿನ ಟೈಲ್ಸ್, 2 ಮಿ.ಮೀ. ಅಗಲ 6 ಮಿ.ಮೀ. ಆಳದ ಸಂದಿ ಎಂದಿಟ್ಟುಕೊಂಡರೆ ಒಂದು ಚದರ ಮೀಟರಿಗೆ ಸುಮಾರು 160 ಗ್ರಾಂ. ಎರಡಡಿ ಎತ್ತರ, ಇಪ್ಪತ್ತಡಿ ಉದ್ದದ ಗೋಡೆ ಎಂದರೆ 40 ಚದರ ಅಡಿ, ಅಂದರೆ 3.7 ಚದರ ಮೀಟರ್, ಸುಮಾರು 600 ಗ್ರಾಂ. ಒಂದು ಕಿಲೋ ಪ್ಯಾಕ್ ಸಾಕು. ಸಿಲಿಕೋನ್ 280 ಮಿ.ಲೀ.ನ ಟ್ಯೂಬು ಎರಡು ತನ್ನಿ. 6 ಮಿ.ಮೀ. ಅಗಲ, ಅಷ್ಟೇ ಆಳದ ಸಂದಿಯಾದರೆ ಒಂದು ಟ್ಯೂಬಿಗೆ ಏಳೂವರೆ ಮೀಟರ್ ಬರುತ್ತದೆ. ಕಟ್ಟೆಯ ಉದ್ದ ಆರು ಮೀಟರ್, ಸಿಂಕಿನ ಸುತ್ತಳತೆ ಎರಡು ಮೀಟರ್ ಸೇರಿದರೆ ಅದು ಸಾಲದು.

ಸಿಲಿಕೋನ್ ಕೊಳ್ಳುವಾಗ ಟ್ಯೂಬಿನ ಮೇಲೆ 'ನ್ಯೂಟ್ರಲ್' ಎಂದು ಇದೆಯೇ ನೋಡಿ. ಅಂಗಡಿಯವರು ಸಾಮಾನ್ಯವಾಗಿ ಎತ್ತಿಕೊಡುವ ಅಗ್ಗದ ಟ್ಯೂಬು ಹಚ್ಚುವಾಗ ವಿನೆಗರ್ ವಾಸನೆ ಬರುತ್ತದೆ. ಅದರಿಂದ ಹೊರಬರುವ ಆಮ್ಲ ಕಲ್ಲಿಗೆ ಕಲೆ ಮಾಡಬಹುದು, ಸಂದಿಯೊಳಗಿನ ಸಿಮೆಂಟಿನ ಮೇಲೆ ಅದರ ಹಿಡಿತವೂ ಕಳಪೆ. ಗಾಜಿಗೆ ಅದು ಸರಿ, ಗ್ರಾನೈಟಿಗೆ ಬೇಡ.

## ಹಂತ 1: ಸೋರಿಕೆ ಎಲ್ಲಿದೆ ಎಂದು ಪತ್ತೆ ಮಾಡಿ

ಸಿಂಕಿನ ಕೆಳಗಿನ ಖಾನೆ ಪೂರ್ತಿ ಖಾಲಿ ಮಾಡಿ ಒರೆಸಿ. ಬಾಗಿಲನ್ನೂ ಕಳಚಿಡಿ. ಬಗ್ಗಲು, ಕೈಯಾಡಿಸಲು ಅದರಿಂದ ಸಿಗುವ ಜಾಗ ಚಿಕ್ಕದಲ್ಲ. ರಾತ್ರಿ ಮಲಗುವ ಮುನ್ನ ಖಾನೆಯ ನೆಲಕ್ಕೆ ಹಳೆಯ ಪತ್ರಿಕೆ ಹಾಸಿ. ಬೆಳಿಗ್ಗೆ ಪತ್ರಿಕೆಯ ಮೇಲೆ ದುಂಡಗಿನ ಒದ್ದೆ ಕಲೆ ಇದ್ದರೆ ನೇರ ಮೇಲಿರುವ ಜೋಡಣೆ ತೊಟ್ಟಿಕ್ಕುತ್ತಿದೆ. ಗೋಡೆಯ ಬದಿಯ ಅಂಚು ಮಾತ್ರ ಒದ್ದೆಯಾಗಿದ್ದರೆ ನೀರು ಗೋಡೆಯೊಳಗಿಂದ ಅಥವಾ ಕಟ್ಟೆಯ ಹಿಂಬದಿಯ ಸಂದಿಯಿಂದ ಇಳಿಯುತ್ತಿದೆ.

ಈಗ ಸಿಂಕಿಗೆ ಮುಚ್ಚಳ ಹಾಕಿ ಮುಕ್ಕಾಲು ನೀರು ತುಂಬಿಸಿ, ಒಂದು ಚಮಚ ಅರಿಶಿನ ಕದಡಿ, ಒಮ್ಮೆಲೇ ಬಿಡಿ. ಸಣ್ಣಗೆ ನಲ್ಲಿ ಬಿಟ್ಟಾಗ ಸೋರದ ಪೈಪು ಈ ಭಾರಕ್ಕೆ ಸೋರುತ್ತದೆ. ಪ್ರತಿ ಜೋಡಣೆಯ ಕೆಳಗೂ ಟಿಶ್ಯೂ ಒತ್ತಿ ನೋಡಿ. ಹಳದಿ ಬಣ್ಣ ಬಂದರೆ ವೇಸ್ಟ್ ಪೈಪಿನದು. ಬಣ್ಣವಿಲ್ಲದ ತೇವವಾದರೆ ನಲ್ಲಿಯ ಕಡೆಯದು.

ಎಚ್ಚರಿಕೆಯ ಗುರುತು: ನೀರಿನ ಎಲ್ಲ ನಲ್ಲಿ ಮುಚ್ಚಿದ ಮೇಲೂ ಗೋಡೆಯ ಬಣ್ಣ ಉಬ್ಬಿ ಉಪ್ಪಿನಂಥ ಬಿಳಿ ಪುಡಿ ಮೇಲೆ ಮೇಲೆ ಬರುತ್ತಿದ್ದರೆ ಗೋಡೆಯೊಳಗಿನ ಪೈಪು ಹೋಗಿರಬಹುದು. ಅಲ್ಲಿಗೇ ನಿಲ್ಲಿಸಿ, ಪ್ಲಂಬರನ್ನು ಕರೆಸಿ. ಅದರ ಮೇಲೆ ಏನು ಹಚ್ಚಿದರೂ ದಂಡ.

## ಹಂತ 2: ನೀರು ನಿಲ್ಲಿಸಿ

ಓವರ್‌ಹೆಡ್ ಟ್ಯಾಂಕಿನ ಗೇಟ್ ವಾಲ್ವ್ ವರ್ಷಗಟ್ಟಲೆ ಮುಟ್ಟದೆ ಬಿಗಿದುಕೊಂಡಿರುತ್ತದೆ. ಅದನ್ನು ಕೆಲಸದ ದಿನವಲ್ಲ, ಹಿಂದಿನ ದಿನವೇ ಪರೀಕ್ಷಿಸಬೇಕು. ಟೆರೇಸಿಗೆ ಸರಿಯಾದ ಮೆಟ್ಟಿಲಿದ್ದರೆ ನೀವೇ ಹೋಗಿ, ಕಬ್ಬಿಣದ ಏಣಿಯಾದರೆ ಬೇರೆಯವರನ್ನು ಕಳಿಸಿ. ಚಕ್ರವನ್ನು ಒಂದೇ ಸಮ ಬಲ ಹಾಕಿ ತಿರುಗಿಸಿದರೆ ಒಳಗಿನ ಕಡ್ಡಿ ಮುರಿಯುತ್ತದೆ. ಕಾಲು ಸುತ್ತು ಮುಂದೆ, ಕಾಲು ಸುತ್ತು ಹಿಂದೆ ಎಂದು ಸಡಿಲಿಸುತ್ತ ಹೋಗಿ. ಪೂರ್ತಿ ಮುಚ್ಚದಿದ್ದರೆ ಕೆಳಗಿನ ಬಚ್ಚಲಿನ ನಲ್ಲಿ ತೆರೆದಿಡಿ. ಜಿನುಗುವ ನೀರು ಅತ್ತ ಹರಿದು ಹೋಗುತ್ತದೆ.

ಸೋಲಾರ್ ಇರುವ ಮನೆಗಳಲ್ಲಿ ತಣ್ಣೀರಿನ ವಾಲ್ವ್ ಒಂದನ್ನೇ ಮುಚ್ಚಿ ನಲ್ಲಿ ಕಳಚಿ ಕೈ ಸುಟ್ಟುಕೊಳ್ಳುವುದುಂಟು. ಸೋಲಾರ್ ಟ್ಯಾಂಕಿನಿಂದ ಇಳಿಯುವ ಬಿಸಿನೀರಿಗೆ ಬೇರೆ ವಾಲ್ವ್ ಇರುತ್ತದೆ, ಅದನ್ನೂ ಮುಚ್ಚಿ. ಫ್ಲಾಟ್‌ಗಳಲ್ಲಿ ಅಡುಗೆಮನೆಯ ವಾಲ್ವ್ ಶಾಫ್ಟಿನಲ್ಲೋ ಯುಟಿಲಿಟಿಯ ಗೋಡೆಯಲ್ಲೋ ಇರುತ್ತದೆ. ಅಸೋಸಿಯೇಷನ್ ಪ್ಲಂಬರಿಗೆ ಗೊತ್ತಿರುತ್ತದೆ.

## ಹಂತ 3: ನಲ್ಲಿ

ತೊಟ್ಟಿಕ್ಕುವ ನಲ್ಲಿಯನ್ನೆಲ್ಲ ಬದಲಿಸಬೇಕಾಗಿಲ್ಲ. ನಲ್ಲಿಯ ಬಾಯಿಯಿಂದ ತೊಟ್ಟಿಕ್ಕುತ್ತಿದ್ದರೆ ಹೋಗಿರುವುದು ಒಳಗಿನ ಸ್ಪಿಂಡಲ್ (ಹಿಡಿಯೊಡನೆ ತಿರುಗುವ ಭಾಗ) ಅಥವಾ ವಾಷರ್. ಹಿಡಿಯ ಮೇಲಿನ ಚಿಕ್ಕ ಬಿಲ್ಲೆಯನ್ನು ಚಾಕುವಿನ ತುದಿಯಿಂದ ಎಬ್ಬಿಸಿ, ಸ್ಕ್ರೂ ತೆಗೆದು, ಸ್ಪಿಂಡಲ್ ಬಿಚ್ಚಿ, ಅದನ್ನೇ ಅಂಗಡಿಗೆ ಒಯ್ಯಿರಿ. ಹಲ್ಲುಗಳ ಸಂಖ್ಯೆ ಕಂಪನಿಯಿಂದ ಕಂಪನಿಗೆ ಬೇರೆ. ನೋಡಲು ಒಂದೇ ಥರ ಇದ್ದರೂ ಹಿಡಿ ಕೂರುವುದಿಲ್ಲ. ಗೋಡೆಯ ಜೋಡಣೆಯನ್ನು ಮುಟ್ಟದೆ ಮುಗಿಯುವ ಕೆಲಸ ಇದು. ಮೂವತ್ತು ವರ್ಷದ ಮನೆಯಲ್ಲಿ ಅದು ಬಹಳ ದೊಡ್ಡ ಲಾಭ. ನೀರಿನ ಧಾರೆ ಸಣ್ಣಗಾಗಿದ್ದರೆ ಬಾಯಿಯಲ್ಲಿರುವ ಜಾಲರಿ ಬಿಚ್ಚಿ ರಾತ್ರಿಯಿಡೀ ವಿನೆಗರಿನಲ್ಲಿ ನೆನೆಸಿ. ಬೋರ್‌ವೆಲ್ ನೀರಿನ ಬಿಳಿ ಗಟ್ಟಿ ಕರಗುತ್ತದೆ.

ಬೆರಳಿನ ಗಂಟು ನೋವಿರುವವರು ತಿರುಗಿಸುವ ಹಿಡಿಯ ನಲ್ಲಿಯನ್ನು ಬಿಟ್ಟು, ಮೊಣಕೈಯಿಂದಲೂ ತಳ್ಳಬಹುದಾದ ಉದ್ದ ಲಿವರಿನ ಕಾಲು ಸುತ್ತಿನ ನಲ್ಲಿಗೆ ಬದಲಾಗುವುದು ಒಳ್ಳೆಯದು. ಆಗ ಮಾತ್ರ ನಲ್ಲಿಯನ್ನು ಕಳಚಿ.

ಕಳಚುವ ಮೊದಲು ನಿಮ್ಮ ಮನೆಯ ಪೈಪು ಯಾವುದೆಂದು ತಿಳಿಯಿರಿ. ಟೆರೇಸಿನಿಂದ ಇಳಿಯುವ ಪೈಪಿಗೆ ಅಯಸ್ಕಾಂತ ಹಚ್ಚಿ. ಅಂಟಿದರೆ ಜಿಐ, ಅಂದರೆ ಸತುವಿನ ಲೇಪದ ಕಬ್ಬಿಣ. ಈ ಪೈಪುಗಳಲ್ಲಿ ನಲ್ಲಿಯ ಥ್ರೆಡ್ ತುಕ್ಕಿನಿಂದ ಬೆಸೆದುಕೊಂಡಿರುತ್ತದೆ. ಹಿಂದಿನ ರಾತ್ರಿ ಜೋಡಣೆಗೆ ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿ. ಬೆಳಿಗ್ಗೆ ರೆಂಚ್ ಹಾಕಿ ಹದವಾದ ಬಲ ಕೊಡಿ. ಅಲುಗದಿದ್ದರೆ ಬಿಟ್ಟುಬಿಡಿ. ರೆಂಚಿನ ಹಿಡಿಗೆ ಉದ್ದದ ಪೈಪು ಸಿಕ್ಕಿಸಿ ಎಳೆಯುವ ಉಪಾಯ ಇಲ್ಲಿ ಬೇಡ. ಥ್ರೆಡ್ ಗೋಡೆಯೊಳಗೇ ಮುರಿದು ಉಳಿದರೆ ಟೈಲ್ಸ್ ಒಡೆಯದೆ ದಾರಿಯಿಲ್ಲ.

ಸಿಪಿವಿಸಿ ಎಂಬ ಪ್ಲಾಸ್ಟಿಕ್ ಪೈಪಿನ ಮನೆಯಲ್ಲಿ ತೊಂದರೆ ಉಲ್ಟಾ. ನಲ್ಲಿ ಸುಲಭವಾಗಿ ಬರುತ್ತದೆ, ಹಾಕುವಾಗ ಜಾಸ್ತಿ ಬಿಗಿದು ಗೋಡೆಯೊಳಗಿನ ಎಲ್ಬೋ (ಪೈಪು ತಿರುಗುವಲ್ಲಿನ ಬಾಗಿದ ಜೋಡಣೆ) ಸೀಳುತ್ತಾರೆ. ಸೀಳಿದ್ದು ಆಗ ಗೊತ್ತಾಗುವುದಿಲ್ಲ, ವಾರದ ಮೇಲೆ ಪಕ್ಕದ ಕೋಣೆಯ ಗೋಡೆ ಹೇಳುತ್ತದೆ.

ಹೊಸ ನಲ್ಲಿಯ ಥ್ರೆಡ್ ತುದಿಯನ್ನು ನಿಮ್ಮ ಕಡೆ ಹಿಡಿದು, ಗಡಿಯಾರದ ಮುಳ್ಳಿನ ದಿಕ್ಕಿಗೆ ಟೆಫ್ಲಾನ್ ಟೇಪನ್ನು ಎಳೆದು 10ರಿಂದ 15 ಸುತ್ತು ಸುತ್ತಿ. ಉಲ್ಟಾ ಸುತ್ತಿದರೆ ತಿರುಪುವಾಗ ಟೇಪು ಬಿಚ್ಚಿಕೊಂಡು ಗುಂಜಾಗಿ ಹೊರಬರುತ್ತದೆ. ಅದೇ ತಪ್ಪಿನ ಗುರುತು. ಕೈಯಿಂದ ಆಗುವಷ್ಟು ತಿರುಪಿ, ಆಮೇಲೆ ಸ್ಪ್ಯಾನರಿನಿಂದ ಒಂದು ಸುತ್ತು, ಹೆಚ್ಚೆಂದರೆ ಒಂದೂವರೆ. ನಲ್ಲಿಯ ಬಾಯಿ ನೇರ ಕೆಳಗೆ ಬರಲು ಇನ್ನೂ ಅರ್ಧ ಸುತ್ತು ಬೇಕೆನಿಸಿದರೆ ಬಲ ಹಾಕಬೇಡಿ, ಹಿಂದಕ್ಕೆ ತಿರುಗಿಸಲೂ ಬೇಡಿ. ಹಿಂದಕ್ಕೆ ತಿರುಗಿಸಿದ ಟೆಫ್ಲಾನ್ ಸೋರುತ್ತದೆ. ಪೂರ್ತಿ ಬಿಚ್ಚಿ, ಎರಡು ಮೂರು ಸುತ್ತು ಹೆಚ್ಚು ಟೇಪು ಹಾಕಿ ಮತ್ತೆ ಕೂರಿಸಿ. ನಲ್ಲಿ ಟೈಲ್ಸಿನ ಒಳಗೇ ಮುಳುಗಿದಂತಿದ್ದರೆ ಅರ್ಧ ಇಂಚು ಅಳತೆಯ ಪೈಪಿಗೆ ಹಾಕುವ ಎಕ್ಸ್‌ಟೆನ್ಷನ್ ನಿಪ್ಪಲ್ (ನಲ್ಲಿಯನ್ನು ಮುಂದಕ್ಕೆ ತರುವ ತುಂಡು) ಬೇಕು. 1 ಇಂಚು, 1.5 ಇಂಚು ಉದ್ದದವು ಎರಡನ್ನೂ ತಂದಿಡಿ.

## ಹಂತ 4: ವೇಸ್ಟ್ ಪೈಪು

ಸಿಂಕಿನ ತೂತನ್ನು ವೇಸ್ಟ್ ಪೈಪಿಗೆ ಸೇರಿಸುವ ಭಾಗ ಕಪ್ಲಿಂಗ್. ಹಳೆಯ ಕಪ್ಲಿಂಗಿನ ನಟ್ಟು ಹಿಡಿದುಕೊಂಡಿದ್ದರೆ ಬಡಿಯಬೇಡಿ, ಸಿಂಕಿನ ತಗಡು ಸೊಟ್ಟಗಾದರೆ ಹೊಸ ಕಪ್ಲಿಂಗೂ ಕೂರುವುದಿಲ್ಲ. ಹ್ಯಾಕ್ಸಾ ಬ್ಲೇಡಿನಿಂದ ನಟ್ಟನ್ನು ಓರೆಯಾಗಿ ಕೊಯ್ದು ತೆಗೆಯಿರಿ. ಸಿಂಕಿನ ತೂತಿನ ಅಡ್ಡಗಲ ಅಳೆದು ಅಂಗಡಿಗೆ ಹೋಗಿ. ಈಗಿನ ಸಿಂಕುಗಳಲ್ಲಿ ಜರಡಿ ಬುಟ್ಟಿಯ ಕಪ್ಲಿಂಗಿಗೆ ಸುಮಾರು 90 ಮಿ.ಮೀ. ಇರುತ್ತದೆ, ಹಳೆಯವುಗಳಲ್ಲಿ ಬಹಳ ಚಿಕ್ಕದು.

ಜೋಡಿಸುವ ಕ್ರಮ: ಸಿಂಕಿನ ತೂತಿನ ಸುತ್ತ ಒರೆಸಿ ಒಣಗಿಸಿ. ಮೇಲಿನಿಂದ ಕಪ್ಲಿಂಗ್ ಇಳಿಸಿ. ಕೆಳಗಿನಿಂದ ಮೊದಲು ರಬ್ಬರ್ ವಾಷರ್, ಆಮೇಲೆ ಪ್ಲಾಸ್ಟಿಕ್ ವಾಷರ್, ಆಮೇಲೆ ನಟ್ಟು. ರಬ್ಬರ್ ನೇರವಾಗಿ ನಟ್ಟಿಗೆ ತಾಗಿದರೆ ಬಿಗಿಯುವಾಗ ತಿರುಚಿಕೊಂಡು ಒಂದು ಕಡೆ ಹೊರಗೆ ಇಣುಕುತ್ತದೆ. ಮೊದಲ ದಿನವೇ ಸೋರುವ ಕಪ್ಲಿಂಗುಗಳಲ್ಲಿ ಹೆಚ್ಚಿನವಕ್ಕೆ ಇದೇ ಕಾರಣ. ಮೇಲಿನ ಭಾಗ ತಿರುಗದಂತೆ ಒಬ್ಬರು ಹಿಡಿದುಕೊಂಡಿದ್ದರೆ ಕೆಳಗಿನವರ ಕೆಲಸ ಅರ್ಧವಾಗುತ್ತದೆ.

ಸುರುಳಿ ಪೈಪು 32 ಅಥವಾ 40 ಮಿ.ಮೀ.ನದು ಸಿಗುತ್ತದೆ, ಜಾಗವಿದ್ದರೆ 40ರದ್ದೇ ತನ್ನಿ. ಅದನ್ನು ನೇರವಾಗಿ ಇಳಿಬಿಟ್ಟರೆ ಚರಂಡಿಯ ವಾಸನೆ, ಜಿರಲೆ ಎರಡೂ ಮನೆಗೆ ಬರುತ್ತವೆ. ಪೈಪಿನಲ್ಲಿ ಒಂದು ಯು ಬಾಗು ಇರಬೇಕು, ಆ ಬಾಗಿನಲ್ಲಿ ಕನಿಷ್ಠ 50 ಮಿ.ಮೀ. ಎತ್ತರ ನೀರು ನಿಲ್ಲಬೇಕು. ಬಾಗು ಕಾಲಕ್ರಮೇಣ ನೇರವಾಗದಂತೆ ಪ್ಲಾಸ್ಟಿಕ್ ಟ್ಯಾಗಿನಿಂದ ಕಟ್ಟಿ. ಬಾಗಿನ ನಂತರ ಪೈಪು ಎಲ್ಲೂ ಮತ್ತೆ ಮೇಲಕ್ಕೆ ಏರಬಾರದು, ಏರಿದಲ್ಲಿ ಜಿಡ್ಡು ಕಟ್ಟುತ್ತದೆ.

ಪೈಪಿನ ತುದಿ ನೆಲದ ಅಥವಾ ಗೋಡೆಯ ಪಿವಿಸಿ ಪೈಪಿನೊಳಗೆ ಹೋಗುವ ಜಾಗವನ್ನು ಬಹಳಷ್ಟು ಮನೆಗಳಲ್ಲಿ ತೆರೆದೇ ಬಿಟ್ಟಿರುತ್ತಾರೆ. ರಾತ್ರಿ ಸಿಂಕಿನ ಕೆಳಗಿನಿಂದ ಬರುವ ಜಿರಲೆಗೆ ಅದೇ ಹೆದ್ದಾರಿ. ಅಲ್ಲಿಗೆ ಅಳತೆಯ ರಬ್ಬರ್ ರಿಂಗ್ ಹಾಕಿ. ಎಂ-ಸೀಲ್ ಮೆತ್ತಬೇಡಿ. ಮುಂದಿನ ಸಲ ಪೈಪು ಕಟ್ಟಿಕೊಂಡಾಗ ಬಿಚ್ಚಲಾಗದೆ ಕತ್ತರಿಸಬೇಕಾಗುತ್ತದೆ.

ಹಳದಿ ನೀರಿನ ಪರೀಕ್ಷೆ ಮತ್ತೊಮ್ಮೆ ಮಾಡಿ, ರಾತ್ರಿಯ ಪತ್ರಿಕೆ ಪರೀಕ್ಷೆಯನ್ನೂ ಮಾಡಿ. ಪತ್ರಿಕೆ ಸತತ ಎರಡು ಬೆಳಿಗ್ಗೆ ಒಣಗಿದ್ದರೆ ಮಾತ್ರ ಮುಂದಿನ ಹಂತ.

## ಹಂತ 5: ಹಳೆಯದನ್ನು ಕೆರೆದು ಒಣಗಲು ಬಿಡಿ

ಈ ಹಂತದಲ್ಲಿ ತಾಳ್ಮೆ ಕೆಟ್ಟವರೇ ಹೆಚ್ಚು, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲೋಣ.

ಟೈಲ್ಸ್ ನಡುವಿನ ಸಂದಿಯನ್ನು ಆಳದ ಮೂರರಲ್ಲಿ ಎರಡು ಪಾಲು ಕೆರೆಯಬೇಕು. ಹಳೆಯ ಮನೆಗಳಲ್ಲಿ ಸ್ಪೇಸರ್ ಇಲ್ಲದೆ ಟೈಲ್ಸ್ ಒತ್ತೊತ್ತಾಗಿ ಕೂರಿಸಿರುತ್ತಾರೆ, ಸಂದಿ ಕೂದಲೆಳೆಯಷ್ಟೇ ಇರುತ್ತದೆ. ಮುಂದಿನ ಹಂತದಲ್ಲಿ ತುಂಬುವ ಎಪಾಕ್ಸಿ (ರೆಸಿನ್ ಕಲಸಿ ಮಾಡುವ ಗ್ರೌಟ್) ಅಲ್ಲಿ ಒಳಗಿಳಿಯುವುದಿಲ್ಲ, ಮೇಲೆ ಪೊರೆಯಾಗಿ ನಿಂತು ಸಿಪ್ಪೆಯೇಳುತ್ತದೆ. ಕನಿಷ್ಠ ಎರಡು ಮಿ.ಮೀ. ಅಗಲ ಬರುವವರೆಗೆ ಕೆರೆಯಿರಿ. ಅಷ್ಟು ಅಗಲಿಸಲು ಆಗದ ಕಡೆ ಮುಟ್ಟದೆ ಬಿಡುವುದೇ ಮೇಲು. ಗ್ರೈಂಡಿಂಗ್ ಮೆಷಿನ್ ತರಬೇಡಿ. ಕೈ ಒಂದಿಷ್ಟು ಅದುರಿದರೂ ಟೈಲ್ಸ್ ಅಂಚು ಹಾರುತ್ತದೆ, ಏಳುವ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಕೈಯ ಬ್ಲೇಡಿನಲ್ಲೂ ಮಾಸ್ಕ್ ಬೇಕೇ ಬೇಕು. ದಿನಕ್ಕೆ ನಾಲ್ಕೈದು ಅಡಿ ಉದ್ದದ ಗೋಡೆ ಮಾಡಿ ಸಾಕು ಮಾಡಿ. ಮಣಿಕಟ್ಟು ನೋಯುತ್ತಿದ್ದರೆ ಬ್ಲೇಡು ಜಾರುತ್ತದೆ.

ಕಟ್ಟೆ ಮತ್ತು ಗೋಡೆ ಕೂಡುವ ಮೂಲೆಯ ಸಂದಿ, ಸಿಂಕಿನ ಸುತ್ತಲಿನ ಸಂದಿ: ಇಲ್ಲಿರುವ ಬಿಳಿ ಸಿಮೆಂಟು, ಹಳೆಯ ಸಿಲಿಕೋನ್ ಎಲ್ಲವನ್ನೂ ಪೂರ್ತಿ ತೆಗೆಯಬೇಕು. ಹೊಸ ಸಿಲಿಕೋನ್ ಹಳೆಯ ಸಿಲಿಕೋನಿಗೆ ಅಂಟುವುದಿಲ್ಲ. ಕಣ್ಣಿಗೆ ಕಾಣದ ತೆಳು ಪೊರೆ ಉಳಿದಿದ್ದರೂ ಅಲ್ಲಿಂದಲೇ ಬಿಡುತ್ತದೆ. ಬೆರಳಿನಿಂದ ಉಜ್ಜಿ ನೋಡಿ. ರಬ್ಬರಿನಂತೆ ತಡೆದರೆ ಇನ್ನೂ ಇದೆ ಎಂದರ್ಥ.

ಈಗ 48 ಗಂಟೆ ಸಿಂಕು ಬಳಸಬೇಡಿ. ಟೇಬಲ್ ಫ್ಯಾನನ್ನು ಕಟ್ಟೆಯ ಕಡೆ ತಿರುಗಿಸಿಡಿ. ಪಾತ್ರೆ ಹಿತ್ತಲಲ್ಲೋ ಬಚ್ಚಲಲ್ಲೋ ತೊಳೆಯಿರಿ, ಅಡುಗೆಗೆ ಹಾಲಿನಲ್ಲಿ ಇಂಡಕ್ಷನ್ ಒಲೆ ಸಾಕು. ಎರಡು ದಿನದ ಮೇಲೆ ಕೆರೆದ ಮೂಲೆಯ ಮೇಲೆ ಅಂಗೈಯಗಲ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪು ಹಾಕಿ ಅಂಟಿಸಿ ರಾತ್ರಿ ಬಿಡಿ. ಬೆಳಿಗ್ಗೆ ಒಳಗಡೆ ಹನಿ ಕಟ್ಟಿದ್ದರೆ ಗೋಡೆ ಇನ್ನೂ ಹಸಿ. ಹನಿ ನಿಲ್ಲುವವರೆಗೆ ಕಾಯಿರಿ. ಕರಾವಳಿ, ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಹಂತ ಮುಗಿಯುವುದೇ ಇಲ್ಲ, ಅಲ್ಲಿಯವರು ಜನವರಿಯಿಂದ ಏಪ್ರಿಲ್ ನಡುವೆ ಇಟ್ಟುಕೊಳ್ಳಿ.

## ಹಂತ 6: ಟೈಲ್ಸ್ ಸಂದಿ ತುಂಬುವುದು

ಒಲೆಯ ಹಿಂದೆ, ಸಿಂಕಿನ ಹಿಂದೆ ಎಪಾಕ್ಸಿ. ಉಳಿದೆಡೆ ಪಾಲಿಮರ್ ಸೇರಿದ ಸಿಮೆಂಟ್ ಗ್ರೌಟ್ ಆದರೂ ನಡೆಯುತ್ತದೆ, ಅದು ಕೈಗೆ ಸುಲಭ, ಅವಸರವಿಲ್ಲ. ಎಪಾಕ್ಸಿ ಮೂರು ಭಾಗವಾಗಿ ಬರುತ್ತದೆ: ರೆಸಿನ್, ಹಾರ್ಡನರ್, ಪುಡಿ. ಇಡೀ ಪ್ಯಾಕ್ ಒಮ್ಮೆಲೇ ಕಲಸಿದರೆ ಅರ್ಧ ಗೋಡೆ ಮುಗಿಯುವುದರೊಳಗೆ ಬಟ್ಟಲಿನಲ್ಲೇ ಕಲ್ಲಾಗುತ್ತದೆ. ಕಾಲು ಭಾಗ ಮಾತ್ರ ಕಲಸಿ, ಆದರೆ ಪ್ಯಾಕಿನ ಮೇಲಿನ ಪ್ರಮಾಣಕ್ಕೆ ತಕ್ಕಂತೆ ಡಿಜಿಟಲ್ ತಕ್ಕಡಿಯಲ್ಲಿ ತೂಗಿ. ಕಣ್ಣಳತೆಯಲ್ಲಿ ಹಾಕಿದರೆ ಅದು ಎಂದೂ ಗಟ್ಟಿಯಾಗದೆ ಅಂಟಂಟಾಗಿಯೇ ಉಳಿಯಬಹುದು. ತೂಗಿದ ತಟ್ಟೆ ಮತ್ತೆ ಅಡುಗೆಗೆ ಬೇಡ.

ರೆಸಿನ್, ಹಾರ್ಡನರ್ ಎರಡನ್ನೂ ಎರಡು ಮೂರು ನಿಮಿಷ ಕಲಸಿ ಒಂದೇ ಬಣ್ಣಕ್ಕೆ ತಂದ ಮೇಲೆ ಪುಡಿ ಸೇರಿಸಿ. ಕಲಸಿದ್ದನ್ನು ಬಟ್ಟಲಿನಲ್ಲಿ ಗುಡ್ಡೆಯಾಗಿ ಬಿಡದೆ ಒಂದು ಹಳೆಯ ಟೈಲ್ಸ್ ಮೇಲೆ ತೆಳ್ಳಗೆ ಹರಡಿ. ಗುಡ್ಡೆಯಾಗಿದ್ದರೆ ತನ್ನ ಶಾಖಕ್ಕೆ ತಾನೇ ಬೇಗ ಗಟ್ಟಿಯಾಗುತ್ತದೆ. ಮೂವತ್ತು ಡಿಗ್ರಿ ಸೆಕೆಯಲ್ಲಿ ಮುಕ್ಕಾಲು ಗಂಟೆಗಿಂತ ಹೆಚ್ಚು ಸಮಯ ಸಿಗದು, ಬೆಳಿಗ್ಗೆ ತಂಪಿನಲ್ಲಿ ಶುರುಮಾಡಿ. ಫ್ಲೋಟನ್ನು ಸಂದಿಗೆ ಅಡ್ಡಡ್ಡವಾಗಿ ಓರೆ ಹಿಡಿದು ಒತ್ತಿ ತುಂಬಿ. ಸಂದಿಯ ಉದ್ದಕ್ಕೇ ಎಳೆದರೆ ತುಂಬಿದ್ದೇ ಕಿತ್ತು ಬರುತ್ತದೆ. ಎರಡಡಿ ತುಂಬಿ, ತಕ್ಷಣ ಹಿಂಡಿದ ಸ್ಪಾಂಜಿನಲ್ಲಿ ಒರೆಸಿ, ಮುಂದಕ್ಕೆ ಹೋಗಿ. ಟೈಲ್ಸ್ ಮೇಲೆ ಉಳಿದ ಮಸುಕು ಮಾರನೇ ದಿನಕ್ಕೆ ಉಗುರಿಗೂ ಬಗ್ಗುವುದಿಲ್ಲ. ಚರ್ಮಕ್ಕೆ ತಾಗಿದರೆ ಥಿನ್ನರ್ ಹಾಕಬೇಡಿ, ಸೋಪುನೀರಿನಲ್ಲಿ ತೊಳೆಯಿರಿ.

ಕಟ್ಟೆ ಗೋಡೆ ಕೂಡುವ ಮೂಲೆಗೆ ಎಪಾಕ್ಸಿಯಾಗಲಿ ಬಿಳಿ ಸಿಮೆಂಟಾಗಲಿ ತುಂಬಬೇಡಿ. ಕಟ್ಟೆಯ ಮೇಲೆ ತೆಂಗಿನಕಾಯಿ ಒಡೆಯುತ್ತೀರಿ, ಚಪಾತಿ ಲಟ್ಟಿಸುತ್ತೀರಿ, ಗ್ರೈಂಡರ್ ತಿರುಗುತ್ತದೆ. ಕಟ್ಟೆ ಅಲುಗುತ್ತದೆ, ಗೋಡೆ ಅಲುಗುವುದಿಲ್ಲ. ಗಟ್ಟಿ ವಸ್ತು ಅಲ್ಲಿ ಬಿರುಕು ಬಿಟ್ಟೇ ಬಿಡುತ್ತದೆ, ನೀರು ಆ ಬಿರುಕಿನಿಂದಲೇ ಕೆಳಗಿಳಿಯುತ್ತದೆ. ಮೂಲೆಗೆ ಹಿಗ್ಗುವ ವಸ್ತುವೇ ಬೇಕು.

## ಹಂತ 7: ಸಿಲಿಕೋನ್

ಗ್ರೌಟ್ ಹಾಕಿ ಒಂದು ದಿನ ಬಿಟ್ಟ ಮೇಲೆ ಇದು. ಮೊದಲೇ ಸಿಲಿಕೋನ್ ಹಚ್ಚಿದರೆ ಅದರ ಜಿಡ್ಡು ತಾಗಿದ ಕಡೆ ಗ್ರೌಟ್ ಹಿಡಿಯುವುದಿಲ್ಲ. ಕಿಟಕಿ ತೆರೆದು, ಸಂದಿಯ ಎರಡೂ ಬದಿಯನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ ಒಣಗಲು ಬಿಡಿ. ಅದು ಬೆಂಕಿ ಹಿಡಿಯುವ ವಸ್ತು, ಒಲೆ ದೀಪ ಎರಡೂ ದೂರ.

ಸಂದಿ 6 ಮಿ.ಮೀ.ಗಿಂತ ಅಗಲವೋ ಆಳವೋ ಇದ್ದರೆ ಮೊದಲು ಫೋಮ್ ಹಗ್ಗವನ್ನು ಒಳಗೆ ತುರುಕಿ. ಸಿಲಿಕೋನ್ ಕಟ್ಟೆಗೂ ಗೋಡೆಗೂ ಮಾತ್ರ ಅಂಟಿರಬೇಕು, ಹಿಂದಿನ ಗಾರೆಗೆ ಅಂಟಬಾರದು. ಮೂರು ಕಡೆ ಹಿಡಿದುಕೊಂಡರೆ ಹಿಗ್ಗಲು ಜಾಗವಿಲ್ಲದೆ ನಡುವೆ ಸೀಳುತ್ತದೆ.

ಸಂದಿಯ ಎರಡೂ ಬದಿಗೆ 3 ಮಿ.ಮೀ. ಬಿಟ್ಟು ಮಾಸ್ಕಿಂಗ್ ಟೇಪ್ ಅಂಟಿಸಿ. ಕೈ ನಡುಗುವವರಿಗೆ ಈ ಟೇಪೇ ಆಸರೆ, ಟೇಪಿದ್ದರೆ ಗೆರೆ ನೇರ ಬಂದೇ ಬರುತ್ತದೆ. ನಾಝಲನ್ನು 45 ಡಿಗ್ರಿ ಓರೆಯಾಗಿ, ಸಂದಿಗಿಂತ ತುಸು ಚಿಕ್ಕದಾಗಿ ಕತ್ತರಿಸಿ. ಗನ್ನಿನ ಕುದುರೆಯನ್ನು ಒಂದೇ ಸಮ ಒತ್ತುತ್ತ ಎರಡಡಿ ಹಚ್ಚಿ. ಸೋಪುನೀರಲ್ಲಿ ಅದ್ದಿದ ಬೆರಳನ್ನು ಒಂದೇ ಎಳೆತಕ್ಕೆ ಎಳೆಯಿರಿ. ಎರಡನೇ ಸಲ ಸವರಬೇಡಿ. ಹತ್ತು ನಿಮಿಷದೊಳಗೆ ಮೇಲೆ ಕೆನೆ ಕಟ್ಟಲು ಶುರುವಾಗುತ್ತದೆ, ಅದಕ್ಕೂ ಮೊದಲೇ ಟೇಪನ್ನು ಓರೆಯಾಗಿ ಎಳೆದು ತೆಗೆಯಿರಿ. ತಡವಾದರೆ ಟೇಪಿನ ಜತೆ ಸಿಲಿಕೋನಿನ ಅಂಚೂ ಕಿತ್ತು ಬರುತ್ತದೆ.

ದಿನಕ್ಕೆ ಎರಡು ಮೂರು ಮಿ.ಮೀ. ಆಳದಷ್ಟೇ ಅದು ಗಟ್ಟಿಯಾಗುತ್ತದೆ. ಮುಟ್ಟಿದರೆ ಒಣಗಿದೆ ಎನಿಸಿದ ಮಾತ್ರಕ್ಕೆ ಸಂಜೆಗೇ ಪಾತ್ರೆ ತೊಳೆಯಬೇಡಿ. 6 ಮಿ.ಮೀ. ಸಂದಿಗೆ ಮೂರು ದಿನ ಬಿಡಿ.

## ಹಂತ 8: ಕೀಲು ಮತ್ತು ಎಳೆಯುವ ಖಾನೆ

ಜೋತುಬಿದ್ದ ಬಾಗಿಲಿಗೆ ಹೊಸ ಕೀಲು ತರುವ ಮೊದಲು ಇರುವ ಕೀಲಿನ ಸ್ಕ್ರೂ ತಿರುಗಿಸಿ ನೋಡಿ. ಬಟ್ಟಲಿನ ಆಕಾರದ ಕೀಲುಗಳಲ್ಲಿ ಒಂದು ಸ್ಕ್ರೂ ಬಾಗಿಲನ್ನು ಎಡಬಲಕ್ಕೆ, ಇನ್ನೊಂದು ಒಳಹೊರಗೆ ಸರಿಸುತ್ತದೆ. ತಳದ ಪಟ್ಟಿಯ ಸ್ಕ್ರೂ ಸಡಿಲಿಸಿದರೆ ಮೇಲೆ ಕೆಳಗೆ. ಬದಲಿಸಲೇಬೇಕಾದರೆ ಹಳೆಯದನ್ನು ಒಯ್ದು ಅದೇ ಬಾಗಿನದು ತನ್ನಿ. ನೇರ, ಅರ್ಧ ಬಾಗು, ಪೂರ್ತಿ ಬಾಗು ಎಂದು ಮೂರು ಬಗೆ ಇದ್ದು, ಬಟ್ಟಲು ಮೂರರಲ್ಲೂ 35 ಮಿ.ಮೀ.ನದೇ ಆದ್ದರಿಂದ ಮೋಸಹೋಗುವುದು ಸುಲಭ. ಸ್ಕ್ರೂ ತೂತು ಸವೆದಿದ್ದರೆ ನೀರಿಗೆ ಜಗ್ಗದ ಮರದ ಅಂಟಿನಲ್ಲಿ ಬಿದಿರುಕಡ್ಡಿ ಅದ್ದಿ ತೂತಿಗೆ ಬಡಿದು, ಒಂದು ದಿನ ಬಿಟ್ಟು, ಮಟ್ಟಸ ಕತ್ತರಿಸಿ, 2 ಮಿ.ಮೀ. ತೂತು ಕೊರೆದು ಸ್ಕ್ರೂ ಹಾಕಿ. 18 ಮಿ.ಮೀ. ಪ್ಲೈವುಡ್ಡಿಗೆ 16 ಮಿ.ಮೀ. ಸ್ಕ್ರೂ, ಅದಕ್ಕಿಂತ ಉದ್ದದ್ದು ಆಚೆ ತೂರುತ್ತದೆ. ಸಿಂಕಿನ ಪಕ್ಕ ನೀರು ಕುಡಿದು ಉಬ್ಬಿದ ಪಾರ್ಟಿಕಲ್ ಬೋರ್ಡಿಗೆ ಯಾವ ರಿಪೇರಿಯೂ ಇಲ್ಲ, ಬದಲಿಸಿ.

ವಯಸ್ಸಾದವರ ಅಡುಗೆಮನೆಗೆ ಮಾಡಬಹುದಾದ ಅತ್ಯುತ್ತಮ ಸುಧಾರಣೆ ಯಾವುದೆಂದರೆ, ಕುಕ್ಕರುಗಾಲಲ್ಲಿ ಕೂತು ಕೈ ಚಾಚಬೇಕಾದ ಕೆಳಗಿನ ಖಾನೆಯನ್ನು ಎಳೆದು ತೆಗೆಯುವ ಡ್ರಾಯರ್ ಮಾಡುವುದು. ಮಂಡಿ, ಸೊಂಟ ಎರಡಕ್ಕೂ ಪ್ರತಿದಿನ ಸಿಗುವ ಆರಾಮ ಅದು. ಕಡಪ ಕಲ್ಲಿಗೆ ನೇರ ಸ್ಕ್ರೂ ಹೊಡೆಯಲು ಹೋಗಬೇಡಿ, ಪದರ ಪದರವಾಗಿ ಸೀಳುತ್ತದೆ. ಅದರ ಬದಲು ಖಾನೆಯೊಳಗೆ ಒಂದು ಪ್ಲೈವುಡ್ ಪೆಟ್ಟಿಗೆ ಕೂರಿಸಿ, ಚಾನೆಲನ್ನು (ಡ್ರಾಯರ್ ಜಾರುವ ಕಂಬಿಯನ್ನು) ಆ ಪೆಟ್ಟಿಗೆಗೆ ಹೊಡೆಯಿರಿ.

ಅಳತೆ ಹೀಗೆ. ಖಾನೆಯ ಅಗಲವನ್ನು ಮುಂದೆ, ನಡುವೆ, ಹಿಂದೆ ಅಳೆದು ಅತಿ ಚಿಕ್ಕದನ್ನು ಹಿಡಿಯಿರಿ. ಅದು 480 ಮಿ.ಮೀ. ಎನ್ನಿ. ಪೆಟ್ಟಿಗೆಯ ಹೊರ ಅಗಲ 476. ಎರಡು ಬದಿಯ 18 ಮಿ.ಮೀ. ಪ್ಲೈವುಡ್ ಕಳೆದರೆ ಒಳಗಿನ ಅಗಲ 440. ಬಾಲ್ ಬೇರಿಂಗ್ ಚಾನೆಲ್ ಒಂದೊಂದು ಬದಿಗೆ 13 ಮಿ.ಮೀ. ತಿನ್ನುತ್ತದೆ. ಆದ್ದರಿಂದ ಡ್ರಾಯರಿನ ಹೊರ ಅಗಲ 414. ಇದಕ್ಕಿಂತ ಎರಡು ಮಿ.ಮೀ. ಹೆಚ್ಚಾದರೂ ಬಿಗಿಹಿಡಿಯುತ್ತದೆ. ರೆಡಿಮೇಡ್ ತಂತಿ ಬುಟ್ಟಿ ಹಾಕುವುದಾದರೆ ಚಿಕ್ಕ ಅಳತೆಯದನ್ನು ತಂದು, ಉಳಿದ ಜಾಗಕ್ಕೆ ಎರಡೂ ಬದಿ ಪ್ಲೈವುಡ್ ಪಟ್ಟಿ ಕೊಡಿ. ಚಾನೆಲಿನ ಉದ್ದ ಒಳ ಆಳಕ್ಕಿಂತ ಕನಿಷ್ಠ 10 ಮಿ.ಮೀ. ಕಡಿಮೆ ಇರಲಿ.

ನೀರು ತಡೆಯುವ ಬಿಡಬ್ಲ್ಯೂಪಿ ಪ್ಲೈವುಡ್ಡನ್ನು ಅಂಗಡಿಯಲ್ಲೇ ಅಳತೆಗೆ ಕೊಯ್ಯಿಸಿಕೊಳ್ಳಿ. ಮನೆಯಲ್ಲಿ ಗರಗಸ ಬೇಡ. ಜೋಡಣೆಯನ್ನು ನೆಲದ ಮೇಲಲ್ಲ, ಊಟದ ಮೇಜಿನ ಮೇಲೆ ಮಾಡಿ. ಎರಡೂ ಚಾನೆಲ್ ಒಂದೇ ಎತ್ತರದಲ್ಲಿ ಕೂರಲು ಅಳತೆಪಟ್ಟಿ ನಂಬಬೇಡಿ. ಬೇಕಾದ ಎತ್ತರದ ಒಂದೇ ಪ್ಲೈವುಡ್ ತುಂಡನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ನಿಲ್ಲಿಸಿ ಅದರ ಮೇಲೆ ಚಾನೆಲ್ ಇಟ್ಟು ಸ್ಕ್ರೂ ಹಾಕಿ. ಮೊದಲು ಉದ್ದ ತೂತಿನಲ್ಲಿ ಮಾತ್ರ ಹಾಕಿ, ಡ್ರಾಯರ್ ತೂರಿಸಿ ಎಳೆದು ನೋಡಿ, ಸರಿಯೆನಿಸಿದ ಮೇಲೆ ದುಂಡು ತೂತುಗಳಿಗೆ ಹಾಕಿ. ಪೆಟ್ಟಿಗೆಗೆ ಕೆಳಗೆ ಚಿಕ್ಕ ಪಿವಿಸಿ ಕಾಲು ಕೊಟ್ಟು ನೆಲದಿಂದ 10 ಮಿ.ಮೀ. ಎತ್ತರಿಸಿ, ನೆಲ ಒರೆಸುವ ನೀರು ತಾಗದು. ಕುಕ್ಕರು, ಹಿಟ್ಟಿನ ಡಬ್ಬಿಯಂಥ ಭಾರದವು ಹಿಂಬದಿಗೆ ಇರಲಿ. ಮುಂಬದಿಗೆ ಭಾರವಾದರೆ ಪೂರ್ತಿ ಎಳೆದಾಗ ಪೆಟ್ಟಿಗೆಯೇ ಮುಂದಕ್ಕೆ ವಾಲುತ್ತದೆ. ಹಾಗಾಗದಂತೆ ಪೆಟ್ಟಿಗೆಯ ಹಿಂದಿನ ಮೇಲ್ಬದಿಗೂ ಕಲ್ಲಿಗೂ ನಡುವೆ ಮರದ ಬೆಣೆ ಬಿಗಿಯಾಗಿ ಬಡಿಯಿರಿ.

## ಹಂತ 9: ಬೆಳಕು, ಮೊದಲ ತಿಂಗಳ ತಪಾಸಣೆ

ಕಟ್ಟೆಯ ಮೇಲೆ ನಿಮ್ಮದೇ ನೆರಳು ಬೀಳುತ್ತಿದ್ದರೆ, ಅಟ್ಟದ ಅಥವಾ ಮೇಲಿನ ಕಪಾಟಿನ ಕೆಳಗೆ ಮುಂಭಾಗದ ಅಂಚಿಗೆ ಪ್ಲಗ್ ಇರುವ ಎಲ್ಇಡಿ ಪಟ್ಟಿ ಹಾಕಿಸಿ. ಇರುವ 6 ಆಂಪಿಯರ್ ಸಾಕೆಟ್ಟಿಗೇ ಸಿಕ್ಕಿಸಿದರೆ ವೈರಿಂಗ್ ಬೇಕಿಲ್ಲ. ಒಲೆಯ ನೇರ ಮೇಲೆ ಬೇಡ, ವೈರು ಸಿಂಕಿನ ಮೇಲೆ ಹಾಯಬಾರದು. ಕೈ ಎತ್ತುವ ಕೆಲಸವಾದ್ದರಿಂದ ಮನೆಯ ಕಿರಿಯರು ಅಂಟಿಸಲಿ. ಗೋಡೆಗೆ ತೂತು ಕೊರೆಯಬೇಕಾದರೆ ಸ್ವಿಚ್‌ಬೋರ್ಡಿನ ನೇರ ಮೇಲೆ ಕೆಳಗೆ, ನಲ್ಲಿಯ ನೇರ ಮೇಲೆ ಕೆಳಗೆ ಎಲ್ಲೂ ಬೇಡ. ವೈರು, ಪೈಪು ಹೋಗಿರುವುದು ಸಾಮಾನ್ಯವಾಗಿ ಆ ದಾರಿಯಲ್ಲೇ.

ತಿಂಗಳವರೆಗೆ ವಾರಕ್ಕೊಮ್ಮೆ ಸಿಂಕಿನ ಕೆಳಗೆ ಪತ್ರಿಕೆ ಹಾಸಿ ನೋಡಿ. ಸಿಲಿಕೋನಿನ ಅಂಚಿಗೆ ಉಗುರು ಹಾಕಿ ಮೆಲ್ಲಗೆ ಎಳೆಯಿರಿ. ಒಂದು ಕಡೆ ಬಿಟ್ಟಿದ್ದರೆ ಮೇಲೆ ತೇಪೆ ಹಾಕದೆ ಅಷ್ಟುದ್ದ ಕತ್ತರಿಸಿ ತೆಗೆದು, ಒಣಗಿಸಿ, ಮತ್ತೆ ಹಚ್ಚಿ. ಆ್ಯಂಗಲ್ ಕಾಕಿನ (ಗೋಡೆಯಲ್ಲಿರುವ, ನೀರು ನಿಲ್ಲಿಸುವ ಚಿಕ್ಕ ವಾಲ್ವಿನ) ಹಿಡಿಯ ಬುಡದಿಂದ ನೀರು ಜಿನುಗುತ್ತಿದ್ದರೆ ಅಲ್ಲಿನ ನಟ್ಟನ್ನು ಎಂಟನೇ ಒಂದು ಸುತ್ತು ಮಾತ್ರ ಬಿಗಿಯಿರಿ. ನಿಲ್ಲದಿದ್ದರೆ ಇನ್ನಷ್ಟು ಬಿಗಿಯದೆ ಕಾಕನ್ನೇ ಬದಲಿಸಿ.